ಶೂನ್ಯ ಟಿಕೇಟು ಮತ್ತು ಬಾರದ ಬಸ್ಸು

(ಉಪನ್ಯಾಸದ ಬರಹ ರೂಪ)



2023ರ ಜೂನ್ 11ರಂದು ಕರ್ನಾಟಕ ಸರಕಾರ ‘ಶಕ್ತಿ’ ಯೋಜನೆಯನ್ನು ಆರಂಭಿಸಿತು. ರಾಜ್ಯದ ನಿವಾಸಿಗಳಾದ ಮಹಿಳೆಯರು ಮತ್ತು ಲಿಂಗತ್ವ ಅಲ್ಪಸಂಖ್ಯಾತರು ಸರಕಾರಿ ಸಾರಿಗೆ ನಿಗಮಗಳ ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗೆ ಎಲ್ಲಿಗೆ ಹೋದರೂ ಹಣ ತೆರಬೇಕಾಗಿಲ್ಲ. ಗುರುತುಪತ್ರ ತೋರಿಸಿದರೆ ನಿರ್ವಾಹಕರು ‘ಶೂನ್ಯ ಟಿಕೇಟು’ ಕೊಡುತ್ತಾರೆ. 2025ರ ಜುಲೈ 14ಕ್ಕೆ ಇಂಥ ಟಿಕೇಟುಗಳ ಸಂಖ್ಯೆ 500 ಕೋಟಿ ಮುಟ್ಟಿತು. ಬಡವರಿಗೆ ಬಸ್ ಪ್ರಯಾಣವನ್ನು ಕೈಗೆಟಕಿಸುವುದು ಹೇಗೆಂಬ ಪ್ರಶ್ನೆಗೆ ಇಷ್ಟು ದೊಡ್ಡ ಉತ್ತರವನ್ನು ಈ ರಾಜ್ಯ ಹಿಂದೆಂದೂ ಕೊಟ್ಟಿರಲಿಲ್ಲ.

ಇದನ್ನು ಲೇವಡಿ ಮಾಡುವವರು ಪುತ್ತೂರು ಪೇಟೆಯಲ್ಲೂ ಇದ್ದಾರೆ, ಸುಳ್ಯದ ಹೊಟೇಲುಗಳಲ್ಲೂ ಇದ್ದಾರೆ. ಧರ್ಮಸ್ಥಳ, ಸುಬ್ರಹ್ಮಣ್ಯಗಳಿಗೆ ಹೊರಟ ಹೆಂಗಸರ ದಂಡನ್ನು ತೋರಿಸಿ ‘ಬಿಟ್ಟಿ ತಿರುಗಾಟ’ ಎಂದು ನಗುವುದು ಸುಲಭ. ಬದುಕಿಡೀ ಅಡುಗೆಮನೆ, ಹಟ್ಟಿ, ತೋಟಗಳ ನಡುವೆ ಸವೆದ ಹೆಂಗಸೊಬ್ಬಳು ಯಾರ ಕೈಯನ್ನೂ ಕಾಯದೆ ದೇವಸ್ಥಾನಕ್ಕೋ ತವರಿಗೋ ಹೋಗಿ ಬಂದರೆ ಅದರಲ್ಲಿ ನಗುವಂಥದ್ದು ಏನಿದೆಯೋ ಅವರೇ ಹೇಳಬೇಕು. ಆ ವಾದವನ್ನು ಇಲ್ಲಿಗೆ ಬಿಡೋಣ. ಇಂದಿನ ಪ್ರಶ್ನೆ ಬೇರೆ. ಟಿಕೇಟಿನ ಬೆಲೆ ಸೊನ್ನೆಗೆ ಇಳಿದ ಮೇಲೂ ಪುತ್ತೂರು, ಸುಳ್ಯ, ಕಡಬಗಳಂಥ ಮಲೆಸೆರಗಿನ ಪೇಟೆಗಳಲ್ಲಿ ಬಡವರ ಓಡಾಟದ ಖರ್ಚು ಏಕೆ ಸೊನ್ನೆಗೆ ಇಳಿಯಲಿಲ್ಲ?

ನಗರದ ಬಡವರು ಎಂದೊಡನೆ ಬೆಂಗಳೂರಿನ ಕೊಳೆಗೇರಿಯ ಚಿತ್ರ ಕಣ್ಣ ಮುಂದೆ ಬರುತ್ತದೆ. ಪುತ್ತೂರು ನಗರಸಭೆಯಿರುವ ಊರು. ಸುಳ್ಯ, ಕಡಬ ಅದಕ್ಕಿಂತ ಚಿಕ್ಕವು. ಇಲ್ಲಿ ಬಡವರು ಪೇಟೆಯ ನಡುವೆ ಒತ್ತೊತ್ತಾಗಿ ನೆಲೆಸಿಲ್ಲ. ಪೇಟೆಯಲ್ಲಿ ದುಡಿದು, ಗುಡ್ಡದ ನೆತ್ತಿಯ ಐದು ಸೆಂಟ್ಸ್ ಕಾಲನಿಗಳಿಗೂ ಎರಡು ಹೊಳೆಗಳಾಚೆಯ ಹಾಡಿಗಳಿಗೂ ರಾತ್ರಿ ಮರಳುತ್ತಾರೆ. ಜವಳಿ ಅಂಗಡಿಯಲ್ಲಿ ಸೀರೆ ಮಡಚುವ ಹುಡುಗಿ, ಆಸ್ಪತ್ರೆಯಲ್ಲಿ ನೆಲ ಒರೆಸುವ ಹೆಂಗಸು, ಅಡಿಕೆ ಗಾರ್ಬಲಿನಲ್ಲಿ ಹೆಕ್ಕುವವರು, ಗೇರುಬೀಜದ ಕಾರ್ಖಾನೆಗೆ ಹೋಗುವವರು, ಹೊಟೇಲಿನ ಪಾತ್ರೆ ತೊಳೆಯುವವರು, ಕಟ್ಟಡಕ್ಕೆ ಕಲ್ಲು ಹೊರುವವರು ಹಗಲಿಗೆ ಪೇಟೆಯವರು, ರಾತ್ರಿಗೆ ಹಳ್ಳಿಯವರು. ಜನಗಣತಿಯ ಕಾಗದದಲ್ಲಿ ಗ್ರಾಮವಾಸಿಗಳಾದ ಇವರು ಬೆಳಗ್ಗೆ ಬಾರದಿದ್ದರೆ ಪೇಟೆಯ ಅರ್ಧದಷ್ಟು ಶಟರು ಮೇಲೇಳದು. ತಾಲೂಕಿನ ಗಡಿ ಬದಲಾದಾಗ ಇವರ ದಾರಿಯೂ ಬದಲಾಗುತ್ತದೆ. ಪುತ್ತೂರು, ಸುಳ್ಯಗಳಿಂದ ಗ್ರಾಮಗಳನ್ನು ಬೇರ್ಪಡಿಸಿ ಕಡಬ ತಾಲೂಕು ರಚನೆಯಾದ ಮೇಲೆ ಪಹಣಿಗೂ ಪಡಿತರ ಚೀಟಿಯ ತಿದ್ದುಪಡಿಗೂ ಕಡಬಕ್ಕೆ ಹೋಗಬೇಕಾಯಿತು. ಆದರೆ ಬಸ್ಸಿನ ದಾರಿಗಳು ಹಳೆಯ ತಾಲೂಕು ಕೇಂದ್ರಗಳತ್ತ ಮುಖ ಮಾಡಿ ಬೆಳೆದಂಥವು. ಕಚೇರಿಯನ್ನು ಆದೇಶದಿಂದ ಸ್ಥಳಾಂತರಿಸಬಹುದು. ಬಸ್ಸಿನ ದಾರಿ ಆದೇಶದ ಹಿಂದೆಯೇ ಹೋಗುವುದಿಲ್ಲ.

ಒಂದು ಲೆಕ್ಕ ಕಟ್ಟಿ ನೋಡೋಣ. ಅಂಕೆಗಳು ಉದಾಹರಣೆಗೆ ಮಾತ್ರ. ತಂತಮ್ಮ ಊರಿನ ಅಂಕೆ ಹಾಕಿ ತಾವೇ ಸರಿಪಡಿಸಿಕೊಳ್ಳಬಹುದು. ಪೇಟೆಯಿಂದ ಎಂಟು ಕಿ.ಮೀ. ದೂರದ ಹುಡುಗಿಯೊಬ್ಬಳು ಅಂಗಡಿಯಲ್ಲಿ ತಿಂಗಳಿಗೆ 9000 ರೂಪಾಯಿ ಸಂಬಳಕ್ಕೆ ದುಡಿಯುತ್ತಾಳೆ. ಬೆಳಗ್ಗೆ ಬಸ್ಸಿದೆ, ಟಿಕೇಟು ಶೂನ್ಯ. ಅಂಗಡಿ ಮುಚ್ಚುವುದು ರಾತ್ರಿ ಎಂಟಕ್ಕೆ. ಅವಳ ದಾರಿಯ ಕಡೆಯ ಬಸ್ಸು ಹೊರಟದ್ದು ಏಳಕ್ಕೆ. ಇಬ್ಬರು ಸೇರಿ ಆಟೋ ಮಾಡಿ ತಲಾ 80 ರೂಪಾಯಿ ಕೊಟ್ಟರೆ 26 ದಿನಕ್ಕೆ 2080 ರೂಪಾಯಿ ಆಗುತ್ತದೆ, ಅಂದರೆ ಸಂಬಳದ ಹೆಚ್ಚುಕಡಿಮೆ ಕಾಲು ಭಾಗ. ಸರಕಾರದ ಕಡತದಲ್ಲಿ ಅವಳು ಉಚಿತ ಪ್ರಯಾಣದ ಫಲಾನುಭವಿ. ಆ ಕಡತದ ಪ್ರಕಾರ ಅದು ಸುಳ್ಳೂ ಅಲ್ಲ, ಬೆಳಗ್ಗೆ ಅವಳು ಉಚಿತವಾಗಿಯೇ ಬಂದಿದ್ದಳು.

ಬಸ್ಸಿನ ದರ ಎಂದು ಕರೆಯುವುದರಲ್ಲಿ ಮೂರು ಖರ್ಚುಗಳು ಅಡಗಿವೆ. ಟಿಕೇಟಿನ ಹಣ ಎಲ್ಲರಿಗೂ ಕಾಣುತ್ತದೆ. ಮನೆಯಿಂದ ಬಸ್ಸು ನಿಲ್ಲುವ ಜಾಗಕ್ಕೆ ಹೋಗುವ ಖರ್ಚು ಅಷ್ಟಾಗಿ ಕಾಣುವುದಿಲ್ಲ. ಸುಳ್ಯದವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿ, ಮುಂದೆ ನೂರಕ್ಕೂ ಹೆಚ್ಚು ಸೇತುವೆಗಳನ್ನು ನಿರ್ಮಿಸಿ 2017ರಲ್ಲಿ ಪದ್ಮಶ್ರೀ ಪಡೆದ ಗಿರೀಶ್ ಭಾರದ್ವಾಜರ ಊರು ಅದು. ಹೊಳೆಯಾಚೆಯ ಮನೆಯವರಿಗೆ ತೂಗುಸೇತುವೆಯೆಂದರೆ ಬಸ್ಸಿಗೆ ಹೋಗುವ ದಾರಿ. ಮೂರನೆಯ ಖರ್ಚು ಸಮಯ. ದಿನಗೂಲಿಯವನಿಗೆ ಒಂದು ಗಂಟೆಯ ತಡವೆಂದರೆ ಅರ್ಧ ದಿನದ ಕೂಲಿ. ಒಂದು ಗಂಟೆ ಮೊದಲೇ ಬಂದು ಕಾಯುವುದೆಂದರೆ ಸಂಬಳವಿಲ್ಲದ ದುಡಿಮೆ. ಆಟಿಯ ಮಳೆಯಲ್ಲಿ ತಂಗುದಾಣವಿಲ್ಲದ ಕ್ರಾಸಿನಲ್ಲಿ ಕೊಡೆ ಹಿಡಿದು ನಿಲ್ಲುವುದಕ್ಕೆ ಬೆಲೆ ಕಟ್ಟುವ ಕ್ರಮವನ್ನು ಯಾವ ಸಾರಿಗೆ ಇಲಾಖೆಯೂ ಈವರೆಗೆ ಕಲಿತಿಲ್ಲ.

ತೋಟದವರಿಗೆ ಇದು ಹೊಸ ಮಾತಾಗಬಾರದು. ಬೆಳೆಯ ಇಳುವರಿಯನ್ನು ನಿರ್ಧರಿಸುವುದು ಯಾವ ಪೋಷಕಾಂಶ ಅತಿ ಕೊರತೆಯಲ್ಲಿದೆಯೋ ಅದು ಎಂಬ ನಿಯಮವನ್ನು 19ನೆಯ ಶತಮಾನದ ಜರ್ಮನಿಯಲ್ಲಿ ಕಾರ್ಲ್ ಸ್ಪ್ರೆಂಗೆಲ್ ಹೇಳಿದರು, ಲೀಬಿಗ್ ಅದನ್ನು ಜನಪ್ರಿಯಗೊಳಿಸಿದರು. ಈ ಭಾಗದ ಮುರ ಮಣ್ಣಿನಲ್ಲಿ ಮಳೆಗೆ ಪೊಟ್ಯಾಷ್ ತೊಳೆದುಹೋಗುತ್ತದೆ. ಪೊಟ್ಯಾಷ್ ಇಲ್ಲದ ಅಡಿಕೆ ಮರದ ಬುಡಕ್ಕೆ ಯೂರಿಯಾ ಎಷ್ಟು ಸುರಿದರೂ ಸೋಗೆ ಹಸಿರಾದೀತು, ಗೊನೆ ತುಂಬದು. ಶಕ್ತಿ ಯೋಜನೆ ಹಣದ ಕೊರತೆಯನ್ನು ನೀಗಿಸಿತು. ಬೆಂಗಳೂರಿನಲ್ಲಿ ಕೊರತೆಯಿದ್ದದ್ದು ಅದರದ್ದೇ ಆದ್ದರಿಂದ ಫಲ ಒಡನೆ ಕಂಡಿತು. ಗುಡ್ಡದ ಊರುಗಳಲ್ಲಿ ಕೊರತೆಯಿರುವುದು ಬಸ್ಸಿನ ಟ್ರಿಪ್ಪಿನದ್ದು.

ಟ್ರಿಪ್ಪು ಏಕೆ ಇಲ್ಲ? ಇದಕ್ಕೆ ಉತ್ತರ ನಿಗಮದ ಲೆಕ್ಕಪುಸ್ತಕದಲ್ಲಿದೆ. ಒಂದು ಬಸ್ಸು ಒಂದು ಕಿಲೋಮೀಟರು ಓಡಿದಾಗ ಬರುವ ಆದಾಯವನ್ನು ಸಾರಿಗೆ ನಿಗಮದವರು ಈಪಿಕೆಎಂ ಎಂದು ಕರೆಯುತ್ತಾರೆ. ಬಸ್ಸು ಖಾಲಿ ಓಡಿದರೂ ತುಂಬಿ ಓಡಿದರೂ ಡೀಸೆಲು, ಚಾಲಕ ನಿರ್ವಾಹಕರ ವೇತನ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಆದಾಯ ಕಡಿಮೆಯಾದ ಟ್ರಿಪ್ಪಿನ ಮೇಲೆ ಅಧಿಕಾರಿಗಳ ಕಣ್ಣು ಮೊದಲು ಬೀಳುತ್ತದೆ. ಮಂಗಳೂರು–ಪುತ್ತೂರು ದಾರಿಯಲ್ಲಿ ಪ್ರತಿ ನಿಲ್ದಾಣದಲ್ಲೂ ಹತ್ತು ಜನ ಇಳಿದು ಹತ್ತು ಜನ ಹತ್ತುತ್ತಾರೆ. ಕೊಲ್ಲಮೊಗ್ರು, ಮಡಪ್ಪಾಡಿ, ಕೊಂಬಾರುಗಳಂಥ ಅಂಚಿನ ಊರುಗಳ ದಾರಿಯಲ್ಲಿ ಮನೆಗಳು ವಿರಳ, ಏರು ಹೆಚ್ಚು, ಟಯರು ಬೇಗ ಸವೆಯುತ್ತದೆ, ಡೀಸೆಲು ಹೆಚ್ಚು ಕುಡಿಯುತ್ತದೆ. ಬಸ್ಸು ಕೆಟ್ಟಾಗ, ಸಿಬ್ಬಂದಿ ಸಾಲದಾದಾಗ, ಸುಬ್ರಹ್ಮಣ್ಯದ ಷಷ್ಠಿಗೆ ವಿಶೇಷ ಬಸ್ಸು ಬೇಕಾದಾಗ ಯಾವುದನ್ನು ನಿಲ್ಲಿಸುವುದೆಂಬ ಪ್ರಶ್ನೆ ಬಂದರೆ ಈ ಲೆಕ್ಕಕ್ಕೆ ತಲೆಬಾಗಿದವರ ಉತ್ತರವನ್ನು ಊಹಿಸುವುದು ಕಷ್ಟವಲ್ಲ. ಒಂದು ದಿನ ಬಾರದ ಬಸ್ಸನ್ನು ಜನ ನಂಬುವುದಿಲ್ಲ. ನಂಬದವರು ಜೀಪಿಗೆ ಹೋಗುತ್ತಾರೆ. ಮರುದಿನ ಬಸ್ಸು ಬಂದರೂ ಸೀಟು ಖಾಲಿ. ಆದಾಯ ಇನ್ನಷ್ಟು ಇಳಿಯುತ್ತದೆ, ಟ್ರಿಪ್ಪು ಶಾಶ್ವತವಾಗಿ ನಿಲ್ಲುತ್ತದೆ. ಬಳಿಕ ‘ಆ ರೂಟಿನಲ್ಲಿ ಜನವೇ ಇಲ್ಲ’ ಎಂಬ ಷರಾ ಕಡತಕ್ಕೆ ಸೇರುತ್ತದೆ.

ಇಲ್ಲಿಯೇ ಶೂನ್ಯ ಟಿಕೇಟಿನ ಮಹತ್ವವಿರುವುದು. ಬಹಳ ಮಂದಿ ಅದನ್ನು ಬರಿಯ ಪಾಸು ಎಂದು ತಿಳಿದಿದ್ದಾರೆ. ವಾಸ್ತವದಲ್ಲಿ ಪ್ರತಿ ಶೂನ್ಯ ಟಿಕೇಟೂ ಸರಕಾರ ನಿಗಮಕ್ಕೆ ಸಲ್ಲಿಸಬೇಕಾದ ಹಣದ ಚೀಟಿ. ಮಹಿಳೆ ಎಷ್ಟು ದೂರ ಪ್ರಯಾಣಿಸಿದಳೋ ಆ ಲೆಕ್ಕದ ಮೇಲೆ ಸರಕಾರ ಮರುಪಾವತಿ ಮಾಡಬೇಕೆಂಬುದು ಯೋಜನೆಯ ನಿಯಮ. ಎಂದಮೇಲೆ ಗುಡ್ಡದ ಊರಿನಿಂದ ಬೆಳಗ್ಗೆ ಹೊರಡುವ ಬಸ್ಸಿನಲ್ಲಿ ಇಪ್ಪತ್ತು ಜನ ಹೆಂಗಸರು ಕುಳಿತರೆ ಆ ಬಸ್ಸು ಇಪ್ಪತ್ತು ಟಿಕೇಟಿನ ಆದಾಯ ತಂದ ಬಸ್ಸೇ. ಆ ಟ್ರಿಪ್ಪಿಗೆ ‘ಆದಾಯವಿಲ್ಲ’ ಎನ್ನುವ ಅಧಿಕಾರಿಗೆ ಶೂನ್ಯ ಟಿಕೇಟು ಸೇರಿಸಿ ಲೆಕ್ಕ ಹೇಳಿರೆಂದು ಕೇಳಬಹುದು. ಮಾಹಿತಿ ಹಕ್ಕು ಕಾಯಿದೆ 2005ರಿಂದ ಜಾರಿಯಲ್ಲಿದೆ, ಅರ್ಜಿಗೆ ಹತ್ತು ರೂಪಾಯಿ. ರೂಟಿನ, ಟ್ರಿಪ್ಪಿನ, ಹೊತ್ತಿನ ಲೆಕ್ಕದಲ್ಲಿ ಅಂಕೆ ಕೇಳಬೇಕು. ಇಡೀ ವಿಭಾಗದ ಒಟ್ಟು ಮೊತ್ತ ಕೇಳಿದರೆ ಗುಡ್ಡದ ಊರು ಅದರಲ್ಲಿ ಮುಳುಗಿಹೋಗುತ್ತದೆ. ‘ಪರಿಚಯದ ನಿರ್ವಾಹಕರು, ಎರಡೇ ಸ್ಟಾಪು, ಟಿಕೇಟು ಏಕೆ’ ಎಂದು ತಾಯಂದಿರು ಸಂಕೋಚಪಡುವುದುಂಟು. ಸಂಕೋಚ ಬೇಡ. ಪಡೆಯದೆ ಬಿಟ್ಟ ಪ್ರತಿ ಶೂನ್ಯ ಟಿಕೇಟೂ ಆ ಊರಿನ ಬಸ್ಸಿನ ಆಯುಷ್ಯದಿಂದ ಕಳೆದುಹೋಗುತ್ತದೆ.

ಮರುಪಾವತಿ ಹೊತ್ತಿಗೆ ಸರಿಯಾಗಿ ಆಗದಿದ್ದರೆ ಈ ವಾದಕ್ಕೂ ಬಲವಿಲ್ಲ. ನಿಗಮಗಳಿಗೆ ಸರಕಾರದಿಂದ ಹಣ ಬಾಕಿಯಿದೆಯೆಂಬ ದೂರು ಮತ್ತೆ ಮತ್ತೆ ಕೇಳಿಬಂದಿದೆ. ಸಾರಿಗೆ ನೌಕರರು 2021ರ ಏಪ್ರಿಲ್‌ನಲ್ಲಿ ವೇತನಕ್ಕಾಗಿ ದೀರ್ಘ ಮುಷ್ಕರ ಹೂಡಿದರು. 2025ರ ಆಗಸ್ಟ್ 5ರಂದು ವೇತನ ಬಾಕಿಗಾಗಿ ಮತ್ತೆ ಬಸ್ಸು ನಿಲ್ಲಿಸಿದರು, ಹೈಕೋರ್ಟ್ ಮಧ್ಯಪ್ರವೇಶಿಸಿದ ಮೇಲೆ ಹಿಂದೆಗೆದರು. ಚಾಲಕನ ಸಂಬಳ ಬಾಕಿಯಿಟ್ಟು ಕೊಟ್ಟ ಉಚಿತ ಪ್ರಯಾಣದಲ್ಲಿ ಅರ್ಧ ಭಾಗ ಚಾಲಕ ಕೊಟ್ಟದ್ದು.

ಇನ್ನು ಯೋಜನೆಯ ಹೊರಗೆ ಉಳಿದವರು. ಬಡ ಗಂಡಸರು ಇದರಲ್ಲಿ ಇಲ್ಲ. 2025ರ ಜನವರಿ 5ರಿಂದ ನಿಗಮಗಳು ಬಸ್ ದರವನ್ನು ಶೇ. 15ರಷ್ಟು ಏರಿಸಿದವು. ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಆ ಏರಿಕೆ ತಟ್ಟಲಿಲ್ಲ. ಅದು ಬಿದ್ದದ್ದು ಗಂಡಸರ ಮೇಲೆ. ಕಾರು ಬೈಕುಗಳಿಲ್ಲದೆ ಸಾಮಾನ್ಯ ಬಸ್ಸಿನಲ್ಲಿ ಓಡಾಡುವ ಗಂಡಸು ಯಾರು? ಗಾರೆ ಕೆಲಸದವನು, ಗೂಡಂಗಡಿಯವನು, ಮುದುಕ, ಕಾಲೇಜು ಹುಡುಗ. ನೋಂದಾಯಿತ ಕಟ್ಟಡ ಕಾರ್ಮಿಕರಿಗೆ ಅವರ ಕಲ್ಯಾಣ ಮಂಡಳಿಯ ಮೂಲಕ ಉಚಿತ ಪಾಸು ಕೊಡುವ ಕ್ರಮ 2022ರಲ್ಲಿ ಆರಂಭವಾಯಿತು. ಒಳ್ಳೆಯದೇ, ಆದರೆ ಅಡಿಕೆ ಸುಲಿಯುವವನೂ ಹೊಟೇಲಿನ ಹುಡುಗನೂ ಆ ಪಟ್ಟಿಯಲ್ಲಿಲ್ಲ. ಗದಗ, ಬಾಗಲಕೋಟೆಗಳಿಂದ ಕಲ್ಲು ಹೊರಲು ಬಂದ ಹೆಂಗಸಿಗೆ ಶೂನ್ಯ ಟಿಕೇಟು ಸಿಗುತ್ತದೆ; ಜಾರ್ಖಂಡಿನಿಂದಲೋ ಅಸ್ಸಾಮಿನಿಂದಲೋ ಬಂದು ಅವಳ ಪಕ್ಕದಲ್ಲೇ ದುಡಿಯುವವಳಿಗೆ ಸಿಗುವುದಿಲ್ಲ. ಗಡಿಯಾಚೆಯ ಆದೂರು, ಮುಳ್ಳೇರಿಯದ ಕನ್ನಡ ಹೆಂಗಸಿಗೆ ಸಂತೆ, ಆಸ್ಪತ್ರೆ, ನೆಂಟಸ್ತಿಕೆಗೆಲ್ಲ ಪುತ್ತೂರು ಸುಳ್ಯಗಳೇ ಹತ್ತಿರ. ಆಧಾರ್ ಕಾರ್ಡಿನಲ್ಲಿ ಕಾಸರಗೋಡು ಜಿಲ್ಲೆಯಿದ್ದರೆ ಅವಳು ಹಣ ಕೊಡಬೇಕು. ಪುತ್ತೂರಿನ ರೋಗಿ ಮಂಗಳೂರಿಗೆ ಹೋದರೆ ಅಲ್ಲಿಯವರೆಗೆ ಶೂನ್ಯ. ನಗರದೊಳಗೆ ಓಡುವ ಬಸ್ಸುಗಳಲ್ಲಿ ಬಹುಪಾಲು ಖಾಸಗಿಯವು, ಅಲ್ಲಿ ಟಿಕೇಟು ಕೊಳ್ಳಬೇಕು.

ಹಾಗಾದರೆ ಬಡವರನ್ನು ಮಾತ್ರ ಆರಿಸಿ ಕೊಡಬಾರದೇ ಎಂದು ಕೆಲವರು ಕೇಳುತ್ತಾರೆ. ಆ ಪ್ರಯೋಗ ನಡೆದಿದೆ. 2009ರಲ್ಲಿ ರೈಲ್ವೆ ಇಲಾಖೆ ‘ಇಜ್ಜತ್’ ಎಂಬ ಪಾಸನ್ನು ಘೋಷಿಸಿತು. ತಿಂಗಳಿಗೆ 1500 ರೂಪಾಯಿಗಿಂತ ಹೆಚ್ಚು ಆದಾಯವಿಲ್ಲದ ಅಸಂಘಟಿತ ಕಾರ್ಮಿಕರಿಗೆ 25 ರೂಪಾಯಿಯಲ್ಲಿ ನೂರು ಕಿ.ಮೀ.ವರೆಗೆ ತಿಂಗಳ ಪ್ರಯಾಣ. ಉದ್ದೇಶ ಘನವಾದುದು. ಆದರೆ ಆದಾಯದ ಪ್ರಮಾಣಪತ್ರಕ್ಕಾಗಿ ಕಚೇರಿಗೆ ಎರಡು ಸಲ ಅಲೆದರೆ ಎರಡು ದಿನದ ಕೂಲಿ ಹೋಗುತ್ತದೆ. ಮೇಲಾಗಿ 1500 ರೂಪಾಯಿಯ ಮಿತಿಯೆಂದರೆ ದಿನಕ್ಕೆ ಐವತ್ತು ರೂಪಾಯಿ. ಕೂಲಿ ಏರಿದಂತೆ ಏರದ ಮಿತಿ ಕೊನೆಗೆ ಯಾರನ್ನೂ ಒಳಗೆ ಬಿಡದ ಬಾಗಿಲಾಗುತ್ತದೆ. ಸಾಮಾನ್ಯ ಬಸ್ಸಿನ ಗಟ್ಟಿ ಸೀಟೇ ಬಡತನದ ಸಾಕಷ್ಟು ಒಳ್ಳೆಯ ಪ್ರಮಾಣಪತ್ರ. ಅನುಕೂಲಸ್ಥರು ತಾವಾಗಿಯೇ ಅದರಿಂದ ದೂರ ಉಳಿಯುತ್ತಾರೆ.

ನೆರೆಯ ರಾಜ್ಯಗಳಲ್ಲಿ ಏನಾಯಿತೆಂಬುದನ್ನು ನೋಡಬೇಕು. ತಮಿಳುನಾಡು 2021ರ ಮೇಯಲ್ಲಿಯೇ ಮಹಿಳೆಯರಿಗೆ ಟೌನ್ ಬಸ್ಸುಗಳಲ್ಲಿ ಉಚಿತ ಪ್ರಯಾಣ ಕೊಟ್ಟಿತು. ಆದರೆ ನೀಲಗಿರಿ, ಕೊಡೈಕೆನಾಲ್, ವಾಲ್ಪಾರೈಗಳಂಥ ಬೆಟ್ಟದ ಊರುಗಳಲ್ಲಿ ಅಂಥ ಬಸ್ಸುಗಳ ವರ್ಗವೇ ಇಲ್ಲದ್ದರಿಂದ ಅಲ್ಲಿನ ಹೆಂಗಸರು ಹೊರಗುಳಿದರು. 2024ರಲ್ಲಿ ಯೋಜನೆಯನ್ನು ಬೆಟ್ಟ ಪ್ರದೇಶಗಳಿಗೆ ವಿಸ್ತರಿಸಬೇಕಾಯಿತು. ಬಯಲಿನಲ್ಲಿ ಕುಳಿತು ಬರೆದ ಆದೇಶ ಬೆಟ್ಟ ಹತ್ತಲು ಮೂರು ವರ್ಷ ಹಿಡಿಯಿತು.

ಕೇರಳದ ಉದಾಹರಣೆ ಹೆಚ್ಚು ಉಪಯುಕ್ತ. ಅಲ್ಲಿನ ಕೆಎಸ್ಸಾರ್ಟಿಸಿ 2022ರ ಜುಲೈಯಲ್ಲಿ ತಿರುವನಂತಪುರ ಜಿಲ್ಲೆಯ ಕೊಲ್ಲಯಿಲ್ ಪಂಚಾಯತಿನಲ್ಲಿ ‘ಗ್ರಾಮವಂಡಿ’ ಆರಂಭಿಸಿತು. ಬಸ್ಸು, ಚಾಲಕ, ನಿರ್ವಾಹಕ ನಿಗಮದವರು. ಡೀಸೆಲಿನ ಖರ್ಚು ಸ್ಥಳೀಯ ಸಂಸ್ಥೆಯದು. ಪ್ರತಿಯಾಗಿ ದಾರಿಯನ್ನೂ ಸಮಯವನ್ನೂ ನಿರ್ಧರಿಸುವ ಮಾತು ಪಂಚಾಯತಿಗೆ ಬರುತ್ತದೆ. ಇಲ್ಲಿ ಅದು ನಡೆದೀತೇ? ದಿನಕ್ಕೆ 80 ಕಿ.ಮೀ. ಓಡುವ ಬಸ್ಸು ಏರುದಾರಿಯಲ್ಲಿ ಲೀಟರಿಗೆ ನಾಲ್ಕು ಕಿ.ಮೀ. ಕೊಟ್ಟರೆ 20 ಲೀಟರು ಬೇಕು. ಲೀಟರಿಗೆ 90 ರೂಪಾಯಿ ಹಿಡಿದರೆ 1800 ರೂಪಾಯಿ. ನಾಲ್ಕು ಪಂಚಾಯತಿಗಳು ಹಂಚಿಕೊಂಡರೆ ತಲಾ 450, ಅಂದರೆ 2025ರಲ್ಲಿ ಒಂದು ಕಿಲೋ ಹಳೆ ಚಾಲಿ ಅಡಿಕೆಗೆ ಸಿಗುತ್ತಿದ್ದ ಬೆಲೆಯ ಆಸುಪಾಸು. ಶೂನ್ಯ ಟಿಕೇಟಿನ ಮರುಪಾವತಿ ಹೇಗೂ ನಿಗಮಕ್ಕೆ ಬರುತ್ತದೆ. ಇದಕ್ಕೆ ರಾಜ್ಯ ಸರಕಾರದ ಒಪ್ಪಿಗೆ ಬೇಕು, ಪಂಚಾಯತಿಗಳ ಲೆಕ್ಕಶೀರ್ಷಿಕೆಯಲ್ಲಿ ಜಾಗ ಬೇಕು, ನಿಜ. ಆದರೆ ಹಣವಿಲ್ಲವೆಂಬ ಮಾತು ಮಾತ್ರ ನಿಲ್ಲುವುದಿಲ್ಲ.

ದೂರದ ದೇಶದ್ದೂ ಒಂದು ಪಾಠವಿದೆ. ಎಸ್ಟೋನಿಯಾದ ರಾಜಧಾನಿ ತಾಲಿನ್ 2013ರ ಜನವರಿಯಿಂದ ತನ್ನ ನೋಂದಾಯಿತ ನಿವಾಸಿಗಳಿಗೆಲ್ಲ ನಗರ ಸಾರಿಗೆಯನ್ನು ಉಚಿತಗೊಳಿಸಿತು. ಬಳಿಕ ನಡೆದ ಅಧ್ಯಯನಗಳಲ್ಲಿ ಕಂಡದ್ದು: ಬಸ್ಸಿಗೆ ಹೊಸದಾಗಿ ಬಂದವರಲ್ಲಿ ಬಹಳ ಮಂದಿ ಮೊದಲು ನಡೆದು ಹೋಗುತ್ತಿದ್ದವರು, ಕಾರಿನವರು ಅಷ್ಟಾಗಿ ಕಾರು ಬಿಡಲಿಲ್ಲ. ಬಡವರಿಗೆ ಅನುಕೂಲವಾಯಿತು, ವಾಹನ ದಟ್ಟಣೆ ನಿರೀಕ್ಷಿಸಿದಷ್ಟು ಇಳಿಯಲಿಲ್ಲ. ಸ್ವಂತ ವಾಹನದವರನ್ನು ಬಸ್ಸಿಗೆ ತರುವುದು ಹೊತ್ತಿಗೆ ಸರಿಯಾಗಿ, ಮೇಲಿಂದ ಮೇಲೆ ಬರುವ ಬಸ್ಸು.

ಪರಿಸರದ ಸಭೆಯಲ್ಲಿ ಬಸ್ಸಿನ ಮಾತೇಕೆ ಎನ್ನುವವರಿಗೆ ಇದೇ ಉತ್ತರ. ಬಸ್ಸು ಬಾರದ ಊರಿನ ಹುಡುಗ ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಸಾಲ ಮಾಡಿ ಬೈಕು ಕೊಳ್ಳುತ್ತಾನೆ. 2021ರಲ್ಲಿ ಪೆಟ್ರೋಲು ಲೀಟರಿಗೆ ನೂರು ರೂಪಾಯಿ ದಾಟಿತು. ಕಂತೂ ಪೆಟ್ರೋಲೂ ಸೇರಿ ಸಂಬಳದ ಬಹುಭಾಗವನ್ನು ತಿನ್ನುತ್ತವೆ. ಬೈಕು ಕಾರುಗಳು ಹೆಚ್ಚಿದಂತೆ ರಸ್ತೆ ಸಾಲದಾಗುತ್ತದೆ, ರಸ್ತೆ ಅಗಲಿಸಲು ಗುಡ್ಡವನ್ನು ನೆಟ್ಟಗೆ ಕಡಿಯುತ್ತಾರೆ, ಸಾಲುಮರ ಉರುಳುತ್ತದೆ. ಬಿ.ಸಿ.ರೋಡಿನಿಂದ ಅಡ್ಡಹೊಳೆಯವರೆಗಿನ ಚತುಷ್ಪಥ ಕಾಮಗಾರಿ ವರ್ಷಗಟ್ಟಲೆ ಎಳೆದದ್ದನ್ನು ಉಪ್ಪಿನಂಗಡಿ, ನೆಲ್ಯಾಡಿಯವರು ಕಂಡಿದ್ದಾರೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡುಗಳಲ್ಲಿ ಗುಡ್ಡ ಕುಸಿದು ಸುಳ್ಯ–ಮಡಿಕೇರಿ ರಸ್ತೆ ಮುಚ್ಚಿದಾಗ ಸಂಪಾಜೆಯ ಬದುಕು ಹೇಗೆ ಕಟ್ಟಿಬಿತ್ತೆಂಬುದೂ ಮರೆತಿಲ್ಲ. ಆ ಕುಸಿತಕ್ಕೆ ಮಳೆ, ಇಳಿಜಾರಿನ ಬಳಕೆ ಇತ್ಯಾದಿ ಹಲವು ಕಾರಣಗಳು. ಬೈಕಿನ ಮೇಲೆ ಹೊರಿಸುವುದು ಅತಿಶಯವಾದೀತು. ಆದರೆ ಇರುವ ರಸ್ತೆಯಲ್ಲೇ ಹೆಚ್ಚು ಜನರನ್ನು ಸಾಗಿಸುವ ಸಾಧನ ಬಸ್ಸೊಂದೇ ಎಂಬುದರಲ್ಲಿ ಅತಿಶಯವಿಲ್ಲ.

ತೋಟದವರ ಪಾಲೂ ಇದರಲ್ಲಿದೆ. ಮದ್ದು ಬಿಡಲು, ಕೊಯ್ಲಿಗೆ, ಸುಲಿಯಲು ಜನ ಸಿಗುವುದಿಲ್ಲವೆಂಬುದು ಪ್ರತಿ ಕೃಷಿಕರ ಸಭೆಯ ಮೊದಲ ದೂರು. ಕೆಲಸದವರನ್ನು ಕರೆತರಲು ದಿನವೂ ಜೀಪು ಕಳುಹಿಸುವವರಿದ್ದಾರೆ; ಆ ಬಾಡಿಗೆ ಕೊನೆಗೆ ಕೂಲಿಯ ಮೇಲೋ ಅಡಿಕೆಯ ಮೇಲೋ ಬೀಳುತ್ತದೆ. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದಂತೆ ಶ್ರೀಲಂಕಾದಿಂದ ಬಂದು ಅರಣ್ಯ ಅಭಿವೃದ್ಧಿ ನಿಗಮದ ರಬ್ಬರು ತೋಟಗಳಲ್ಲಿ ನೆಲೆಸಿದ ತಮಿಳು ಕುಟುಂಬಗಳ ಮಕ್ಕಳು ಪೇಟೆಯ ಕಾಲೇಜಿಗೆ ಹೋಗಬೇಕಾದದ್ದೂ ಇದೇ ಬಸ್ಸಿನಲ್ಲಿ.

ರೈಲಿನ ಕುರಿತು ಎರಡು ಮಾತು. ಮಂಗಳೂರು–ಕಬಕ ಪುತ್ತೂರು ಪ್ಯಾಸೆಂಜರ್ ರೈಲನ್ನು 2025ರ ಏಪ್ರಿಲ್‌ನಲ್ಲಿ ಸುಬ್ರಹ್ಮಣ್ಯ ರೋಡ್‌ವರೆಗೆ ವಿಸ್ತರಿಸಲಾಯಿತು. ಕೋವಿಡ್ ಕಾಲದಲ್ಲಿ 30 ರೂಪಾಯಿಗೆ ಏರಿಸಿದ್ದ ಪ್ಯಾಸೆಂಜರ್ ರೈಲುಗಳ ಕನಿಷ್ಠ ದರವನ್ನು ರೈಲ್ವೆಯವರು 2024ರ ಫೆಬ್ರವರಿಯಲ್ಲಿ ಮತ್ತೆ 10 ರೂಪಾಯಿಗೆ ಇಳಿಸಿದ್ದರು. ಗಂಡಸರಿಗೂ, ಹೊರರಾಜ್ಯದ ಕೂಲಿಯವರಿಗೂ ಇದಕ್ಕಿಂತ ಅಗ್ಗದ ಪ್ರಯಾಣ ಈ ಭಾಗದಲ್ಲಿಲ್ಲ. ಆದರೆ ಕೋಡಿಂಬಾಳದಲ್ಲಿ ಇಳಿದವರು ಕಡಬ ಪೇಟೆಗೆ, ಕಾಣಿಯೂರು, ಎಡಮಂಗಲಗಳಲ್ಲಿ ಇಳಿದವರು ತಂತಮ್ಮ ಊರಿಗೆ ಹೋಗಲು ರೈಲಿನ ಹೊತ್ತಿಗೆ ಬಸ್ಸು ಹೊಂದಿಕೊಂಡಿರಬೇಕು. ಹೊಂದದಿದ್ದರೆ ಹತ್ತು ರೂಪಾಯಿಯ ರೈಲಿನ ಹಿಂದೆ ನೂರು ರೂಪಾಯಿಯ ಆಟೋ ನಿಂತಿರುತ್ತದೆ.

ವಿದ್ಯಾರ್ಥಿ ಮಿತ್ರರಿಗೆ ಒಂದು ಕೆಲಸ ಒಪ್ಪಿಸಬೇಕಾಗಿದೆ. ಹುಡುಗರ ಬಳಿ ರಿಯಾಯಿತಿ ಪಾಸಿದೆ, ಹುಡುಗಿಯರ ಬಳಿ ಶೂನ್ಯ ಟಿಕೇಟಿದೆ; ಆದರೂ ಇಬ್ಬರೂ ಫುಟ್‌ಬೋರ್ಡಿನಲ್ಲಿ ನೇತಾಡುವುದೋ, ನಿಲ್ಲಿಸದೆ ಹೋದ ಬಸ್ಸಿನ ಹೊಗೆ ಕುಡಿಯುವುದೋ ನಡೆದೇ ಇದೆ. ತಂತಮ್ಮ ನಿಲ್ದಾಣದಲ್ಲಿ ಎರಡು ವಾರ ನೋಟುಪುಸ್ತಕ ಹಿಡಿದು ಬರೆದಿಡಿ: ಬಸ್ಸು ಬರಬೇಕಾದ ಹೊತ್ತು, ಬಂದ ಹೊತ್ತು, ಬಾರದ ದಿನ, ನಿಲ್ಲಿಸದೆ ಹೋದ ದಿನ, ಹತ್ತಲಾಗದೆ ಉಳಿದವರೆಷ್ಟು, ಅವರು ಬಳಿಕ ಹೋದದ್ದು ಯಾವುದರಲ್ಲಿ, ಕೊಟ್ಟದ್ದೆಷ್ಟು. ರಾತ್ರಿ ಏಳರಿಂದ ಒಂಬತ್ತರವರೆಗಿನ ಹೊತ್ತನ್ನು ಬಿಡಬೇಡಿ, ಅಂಗಡಿಯ ಹುಡುಗಿಯರು ಸಿಗುವುದು ಆಗಲೇ. ಈ ಪಟ್ಟಿಗೆ ಮಾಹಿತಿ ಹಕ್ಕಿನಲ್ಲಿ ಪಡೆದ ಟಿಕೇಟಿನ ಅಂಕೆ ಸೇರಿಸಿ, ಗ್ರಾಮಸಭೆಯ ನಿರ್ಣಯದೊಂದಿಗೆ ಪುತ್ತೂರಿನ ವಿಭಾಗೀಯ ನಿಯಂತ್ರಣಾಧಿಕಾರಿಗಳಿಗೂ, ಪ್ರತಿಯನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೂ ಕೊಡಬೇಕು. ‘ನಮ್ಮೂರಿಗೆ ಬಸ್ಸು ಬೇಕು’ ಎಂಬ ಮನವಿ ಅವರ ಕಪಾಟಿನಲ್ಲಿ ಸಾಕಷ್ಟಿದೆ. ‘ರಾತ್ರಿ 8.15ಕ್ಕೆ ಹೊರಡುವ ಒಂದು ಟ್ರಿಪ್ಪು ಬೇಕು, ಅದಕ್ಕೆ ದಿನಕ್ಕೆ ಇಷ್ಟು ಜನ, ಅವರು ಆಟೋಗೆ ತೆರುತ್ತಿರುವುದು ಇಷ್ಟು’ ಎಂಬ ಮನವಿ ಬಹುಶಃ ಇಲ್ಲ. ಶಾಲೆ ಕಾಲೇಜುಗಳು ಜೂನ್ ಹೊತ್ತಿಗೆ ಬಾಗಿಲು ತೆರೆಯುತ್ತವೆ. ಮಾರ್ಚ್‌ನಲ್ಲಿ ಎಣಿಕೆ ಮುಗಿದು, ಏಪ್ರಿಲ್‌ನಲ್ಲಿ ಗ್ರಾಮಸಭೆಯ ಮುಂದೆ ಬಂದರೆ ಹೊಸ ವೇಳಾಪಟ್ಟಿ ಬರೆಯುವ ಮೊದಲೇ ಅದು ಅಧಿಕಾರಿಗಳ ಮೇಜಿನ ಮೇಲಿರುತ್ತದೆ.